ಹೂವಿನ ದಾರದಲ್ಲಿ ಅಳೆದ ಯುಕುಲೇಲೆ

ತಳಿ
ಭಾನುವಾರ, 19 ಜನವರಿ 2025

ಪ್ರೀತಿಯ ಚಂದ್ರಾ,

ಹೇಗಿದ್ದೀಯಮ್ಮಾ? ಕೆಮ್ಮು ನಿಂತಿತೇ? ಫೋನಿನಲ್ಲಿ ಕೇಳಿದರೆ "ಹೋಯ್ತು ಬುಡಿ ಅತ್ತೆ" ಅನ್ನುತ್ತೀಯ, ಆ ಮಾತು ಮುಗಿಯುವಷ್ಟರಲ್ಲೇ ಮತ್ತೆ ಕೆಮ್ಮುತ್ತೀಯ. ಡೆಹ್ರಾಡೂನಿನ ಚಳಿಯ ಮುಂದೆ ನಮ್ಮ ತಳಿ ಊರಿನ ಚಳಿ ಏನೂ ಅಲ್ಲ ಎಂದು ನಿನ್ನ ಗಂಡ ಹೇಳಿದಾಗಿನಿಂದ ನನಗೆ ಅದೇ ಯೋಚನೆ. ಒದ್ದೆ ತಲೆಯಲ್ಲಿ ಕಾರ್ಖಾನೆಗೆ ಓಡಬೇಡ. ಕಿವಿಗೆ ಬಟ್ಟೆ ಕಟ್ಟಿಕೋ, ಚೆನ್ನಾಗಿ ಕಾಣುವುದಿಲ್ಲ ಎಂದು ಬಿಚ್ಚಿಡಬೇಡ, ಅಲ್ಲಿ ನಿನ್ನನ್ನು ಹೆಣ್ಣು ನೋಡಲು ಯಾರೂ ಬರುತ್ತಿಲ್ಲ. ಕಳಿಸಿದ ರಾಗಿ ಹಿಟ್ಟು ಮುಗಿದಿದ್ದರೆ ನಾಚಿಕೆ ಪಡದೆ ಹೇಳು. ದಿನವೂ ಚಪಾತಿ ತಿಂದರೆ ಹೊಟ್ಟೆ ಏನಾಗಬೇಕು? ಒಂದು ಹೊತ್ತಾದರೂ ಮುದ್ದೆ ಮಾಡಿಕೋ. ಜೊತೆಯ ಹುಡುಗಿಯರು ನಕ್ಕರೆ ಅವರ ಬಾಯಿಗೂ ಒಂದು ತುತ್ತು ಇಡು, ಆಮೇಲೆ ನಗುವುದಿಲ್ಲ.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಮಾವನ ಮಂಡಿ ನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಸಂಕ್ರಾಂತಿಗೆ ಚೆಂಡು ಹೂವು, ರೋಜಾ ಎರಡೂ ಚೆನ್ನಾಗಿ ಹೋದವು. ನಾನು ಕಟ್ಟಿದ ಹಾರಗಳನ್ನು ತಿಮ್ಮರಾಜು ಷಿಫ್ಟಿಗೆ ಹೋಗುವ ದಾರಿಯಲ್ಲೇ ಹೊಸೂರಿನ ಹೂವಿನ ಮಾರ್ಕೆಟ್ಟಿಗೆ ಹಾಕಿ ಹೋಗುತ್ತಿದ್ದ. ಟ್ರಕ್ಕಿನ ಕಾರ್ಖಾನೆಯಲ್ಲಿ ಅಷ್ಟು ದೊಡ್ಡ ದೊಡ್ಡ ಗಾಲಿ ಎತ್ತಿ ಕೂರಿಸುವವನಿಗೆ ಮನೆಯಲ್ಲಿ ಕಾಫಿ ಕುಡಿದ ಲೋಟ ಎತ್ತಿಡಲು ಕೈ ನೋವು. ನಾನು ಹೆತ್ತು ಸಾಕಿದ್ದಾಯಿತು, ಇನ್ನು ಅವನನ್ನು ತಿದ್ದುವುದು ನಿನ್ನ ಪಾಲಿನ ಕೆಲಸ. ಶಶಿ ಚೆನ್ನಾಗಿದ್ದಾಳೆ. ಹೊಟ್ಟೆ ತುಂಬಾ ಉಣ್ಣುತ್ತಾಳೆ, ಎಲ್‌.ಕೆ.ಜಿ.ಗೆ ಅಳದೆ ಹೋಗುತ್ತಾಳೆ, ನೀನು ಹೊಲಿಸಿಟ್ಟು ಹೋದ ಲಂಗ ಈಗ ಮೊಣಕಾಲಿಗೆ ಬಂದಿದೆ.

ದಿನ ಬಿಟ್ಟು ದಿನ ಫೋನಿನಲ್ಲಿ ಮಾತಾಡುವ ಅತ್ತೆ ಇದ್ದಕ್ಕಿದ್ದಂತೆ ಕಾಗದ ಬರೆದಿದ್ದಾಳಲ್ಲ ಎಂದು ಎದೆ ಹೊಡೆದುಕೊಳ್ಳಬೇಡ. ಯಾರಿಗೂ ಏನೂ ಆಗಿಲ್ಲ. ಆಗಿದ್ದು ನಿನ್ನ ಯುಕುಲೇಲೆಗೆ, ಆ ಪುಟ್ಟ ಗಿಟಾರಿಗೆ. ಗಡಿಯಾರದ ಕಾರ್ಖಾನೆಯವರು ಮಹಿಳಾ ದಿನಕ್ಕೆ ನಿನಗೆ ಕೊಟ್ಟ ಬಹುಮಾನವಲ್ಲವೇ ಅದು, ಫೋನು ನೋಡಿಕೊಂಡು ನೀನೇ ಕಲಿತು, ಶಶಿಯನ್ನು ಮಲಗಿಸುವಾಗ ಮೀಟುತ್ತಿದ್ದದ್ದು. ಆಷಾಢದಲ್ಲಿ ಕಂಪನಿಯವರು ಡೆಹ್ರಾಡೂನಿನ ಕಾರ್ಖಾನೆಗೆ ಕಳಿಸಿದಾಗ, ಹೊರಡುವ ದಿನ ಅದನ್ನು ಗೋಡೆಗೆ ನೇತುಹಾಕಿ, "ಶಶಿ ಅತ್ರೆ ಒಂದ್ ಸಲ ಮೀಟ್ಬುಡಿ ಅತ್ತೆ, ಸುಮ್ಕಾಗ್ತಾಳೆ" ಎಂದು ನನ್ನ ಕೈಗೆ ಒಪ್ಪಿಸಿದ್ದೆ. ನನಗೆ ಬೆರಳಿಟ್ಟು ನುಡಿಸಲು ಬರುವುದಿಲ್ಲ. ಹಾಡು ಶುರುಮಾಡುವ ಮೊದಲು ನೀನು ಬರೀ ಹೆಬ್ಬೆಟ್ಟಿನಲ್ಲಿ ನಾಲ್ಕೂ ತಂತಿಯನ್ನು ಒಮ್ಮೆ ಸವರುತ್ತಿದ್ದೆಯಲ್ಲ, ಅಷ್ಟು ಮಾಡುತ್ತಿದ್ದೆ. ಅಷ್ಟಕ್ಕೇ ಮಗು ಅಳು ನಿಲ್ಲಿಸಿ, "ಅಮ್ಮನ್ ದನಿ" ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಧನುರ್ಮಾಸದಲ್ಲಿ ಒಂದು ಸಂಜೆ ಅವಳೇ ಅದನ್ನು ಮಡಿಲಲ್ಲಿಟ್ಟುಕೊಂಡು ಎಳೆಯುತ್ತಿದ್ದಾಗ ಒಂದು ತಂತಿ ಟಪ್ಪೆಂದು ಕಿತ್ತುಹೋಯಿತು.

ಹಳೆಯ ತಂತಿ, ಒಣಗಿ ಹೋಗಿತ್ತು, ಅವಳದೇನು ತಪ್ಪು? ಆದರೆ ಶಶಿಯ ಮುಖ ಬಿಳಿಚಿಕೊಂಡಿತು. "ಅಮ್ಮಂಗೆ ಹೇಳ್ಬೇಡ ಅಜ್ಜಿ, ಫೋನಾಗೆ ಹೇಳ್ಬೇಡ" ಎಂದು ನನ್ನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿಕೊಂಡಳು. ಈ ಆಣೆ ಗೀಣೆ ಎಲ್ಲ ಎಲ್ಲಿಂದ ಕಲಿತಳು ಎಂದು ಕೇಳಬೇಡ, ಮನೆಯಲ್ಲಿ ಮಾತೆತ್ತಿದರೆ ಆಣೆ ಇಡುವ ನಿನ್ನ ಮಾವ ಇದ್ದಾರೆ. ಮಗುವಿನ ತಲೆ ಮುಟ್ಟಿ ಆಡಿದ ಮಾತನ್ನು ನಾನು ಹೇಗೆ ಮುರಿಯಲಿ? ಫೋನಿನಲ್ಲಿ ಹೇಳುವುದಿಲ್ಲ ಎಂದಿದ್ದೇನೆ, ಫೋನಿನಲ್ಲಿ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ. ಆದರೂ ಮುನೇಶ್ವರನ ಹೆಸರಿನಲ್ಲಿ ಅರಿಶಿನದ ಬಟ್ಟೆಯಲ್ಲಿ ತಪ್ಪು ಕಾಣಿಕೆ ಕಟ್ಟಿಟ್ಟೇ ಪೆನ್ನು ಹಿಡಿದಿದ್ದೇನೆ. ನೀನೂ ಫೋನಿನಲ್ಲಿ ಈ ವಿಷಯ ಎತ್ತಬೇಡ. ರಾಯಕೋಟೆಯಲ್ಲಿ ತಮಿಳು ಓದಿ ಬಂದ ನಿನಗೆ ನಾನು ಅಂದು ಪಟ್ಟು ಹಿಡಿದು ಕನ್ನಡ ಓದಲು ಕಲಿಸಿದ್ದು ಇವತ್ತು ಉಪಯೋಗಕ್ಕೆ ಬಂತು ನೋಡು.

ಆವತ್ತಿನಿಂದಲೇ ಶಶಿ ನಿನ್ನ ಫೋನಿಗೆ ಬರುವುದನ್ನು ಬಿಟ್ಟದ್ದು. ಹಸುವಿನ ಹತ್ತಿರ ಇದ್ದಾಳೆ, ಮಲಗಿದ್ದಾಳೆ, ಪಕ್ಕದ ಮನೆಗೆ ಹೋಗಿದ್ದಾಳೆ ಎಂದು ನಾನು ನಿನಗೆ ಏನೇನೋ ಹೇಳಿದೆ. ನಿಜವಾಗಿ ಅವಳು ಬಾಗಿಲ ಹಿಂದೆ ನಿಂತು ನನ್ನನ್ನೇ ನೋಡುತ್ತಿರುತ್ತಿದ್ದಳು. ಬೈಸಿಕೊಳ್ಳುವ ಭಯ ಎಂದುಕೊಂಡೆ. ತಂತಿ ಸರಿಯಾದರೆ ಭಯ ಹೋಗುತ್ತದೆ, ಭಯ ಹೋದರೆ ಮಗು ಮೊದಲಿನಂತೆ ಫೋನು ಕಿತ್ತುಕೊಂಡು ನಿನ್ನ ಹತ್ತಿರ ಹರಟುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸರಿಯಾಗಿ ಅದೇ ಹೊತ್ತಿಗೆ ನಿನ್ನ ಸುದ್ದಿ ಬಂತು, ಇನ್ನೂ ಒಂದು ವರ್ಷ ಅಲ್ಲೇ ಇದ್ದು ಹೊಸ ಹುಡುಗಿಯರಿಗೆ ಮೇಲ್ವಿಚಾರಕಿ ಆಗಬೇಕೆಂದು ಕಂಪನಿಯವರು ಕೇಳಿದ್ದಾರೆ, ಈ ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು ಎಂದು. ನಾನು ಏನೆಂದೆ? ಊರಿಗೆಲ್ಲ ಕೇಳುವಂತೆ, "ಒಪ್ಕೊಳ್ಳೇ, ಮಗೂನ ನಾನು ನೋಡ್ಕೊಂತೀನಿ, ನೀನು ಇತ್ಲಾಗೆ ತಿರುಗಿ ನೋಡ್ಬೇಡ" ಎಂದೆ. ಎಷ್ಟು ಹೆಮ್ಮೆ ಆಯಿತು ಗೊತ್ತೇ ನಿನ್ನ ಮೇಲೆ! ನಮ್ಮ ಮನೆಯ ಹೆಂಗಸೊಬ್ಬಳು ನಾಲ್ಕು ಜನಕ್ಕೆ ಕೆಲಸ ಹೇಳುವುದು ಇದೇ ಮೊದಲು. ಆದರೆ ಫೋನು ಇಟ್ಟ ಮೇಲೆ ಬಾಗಿಲ ಹಿಂದಿನ ಆ ಎರಡು ಕಣ್ಣು ಕಂಡವು, ಒಲೆಯ ಮೇಲಿಟ್ಟ ಸಾರು ಸೀದರೂ ಗೊತ್ತಾಗಲಿಲ್ಲ.

ಮಾರನೆಯ ದಿನವೇ ಹೊಸೂರಿಗೆ ಹೊರಟೆ. ವಾದ್ಯವನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದರೆ ಯಾರಾದರೂ ಗುದ್ದಿ ಮುರಿದಾರು ಎಂಬ ಹೆದರಿಕೆ. ಹಾಗಾಗಿ ಹೂವು ಕಟ್ಟುವ ದಾರದಲ್ಲಿ ಅಳತೆ ತೆಗೆದೆ. ಹಾರಕ್ಕೆ ಹೇಗೆ ಅಳೆಯುತ್ತೇವೆ? ಈ ತುದಿಯ ಗಂಟಿನಿಂದ ಆ ತುದಿಯ ಕುಚ್ಚಿನವರೆಗೆ. ಹಾಗೇ ಅದರ ನೆತ್ತಿಯಿಂದ ಬುಡದವರೆಗೆ ದಾರ ಹಿಡಿದು, ಗಂಟು ಹಾಕಿ, ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗೋಪಿನಾಥ್ ಎಂಬುವರ ವಾದ್ಯದ ಅಂಗಡಿ ಇದೆ. ಅವರು "ಎಂದ ಸೈಜುಮ್ಮಾ?" ಎಂದು ತಮಿಳಿನಲ್ಲಿ ಯಾವ ಸೈಜೆಂದು ಕೇಳಿದರು. ಯುಕುಲೇಲೆಯಲ್ಲೂ ಸೈಜು ಇರುತ್ತದೆ, ಸೈಜು ಸೈಜಿಗೂ ಬೇರೆ ಬೇರೆ ತಂತಿ ಎಂದು ನನಗೆ ಯಾರು ಹೇಳಿದ್ದರು? ನಾನು ದೊಡ್ಡದಾಗಿ ದಾರ ಬಿಚ್ಚಿ ಕೊಟ್ಟೆ. ಅವರು ಅದನ್ನು ತಂತಿಯ ಅಳತೆ ಎಂದುಕೊಂಡು ಸ್ಕೇಲಿನ ಮೇಲೆ ಹಿಡಿದು ನೋಡಿ, "ಪೆರಿಯ ಸೈಜು, ಬ್ಯಾರಿಟೋನ್" ಎಂದು ದೊಡ್ಡ ಸೈಜಿನ ಒಂದು ಪೊಟ್ಟಣ ಕೊಟ್ಟರು. ಅದರಲ್ಲಿ ಎರಡು ತಂತಿಗೆ ಬೆಳ್ಳಿ ಬಣ್ಣದ ಜರಿ ಸುತ್ತಿತ್ತು. ನೋಡಲು ಎಷ್ಟು ಅಂದ ಅಂದರೆ, ಚಂದ್ರಾ ಬಂದು ನೋಡಿದರೆ ಕುಣಿಯುತ್ತಾಳೆ ಎಂದುಕೊಂಡು ಬಸ್ಸಿನ ತುಂಬಾ ಹಲ್ಲು ಕಿರಿದುಕೊಂಡು ಬಂದೆ.

ಹಳೆಯದನ್ನು ಬಿಚ್ಚುವಾಗ ಯಾವುದು ಎಲ್ಲಿಂದ ಬಂತೆಂದು ಕಣ್ಣಿಟ್ಟು ನೋಡಿಕೊಂಡೇ ಬಿಚ್ಚಿದೆ. ಕೆಳಗಡೆ ಮರದ ಪಟ್ಟಿಗೆ ಹೂವಿನ ಗಂಟನ್ನೇ ಹಾಕಿದೆ, ಎಳೆದಷ್ಟೂ ಬಿಗಿಯಾಗುತ್ತದೆ, ಆ ವಿಷಯದಲ್ಲಿ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಮೇಲಿನ ಬಿರಡೆಗಳನ್ನು ತಿಮ್ಮರಾಜು ತಿರುಗಿಸಿದ. ಮೀಟಿದರೆ ಗೊರ್ ಎಂದಿತು. ತಂತಿಗಳು ಜೋಲು ಬಿದ್ದು ಮರಕ್ಕೆ ಬಡಿಯುತ್ತಿದ್ದವು. ಇನ್ನೂ ಬಿಗಿಮಾಡಲು ಹೋದರೆ ಮರವೇ ಕಿರ್ರೆಂದಿತು, ನಾನು ಕಿರುಚಿಕೊಂಡು ಅವನ ಕೈ ಹಿಡಿದುಕೊಂಡೆ. ಶಶಿ ಹತ್ತಿರ ಬಂದು ಕಿವಿಗೊಟ್ಟು ಕೇಳಿ, "ಇದು ಅಮ್ಮಂದಲ್ಲ, ತಾತಂದು" ಎಂದಳು. ತಿಮ್ಮರಾಜು ನಕ್ಕ, ನಿನ್ನ ಮಾವನೂ ನಕ್ಕರು, ಗೊರಕೆ ಹೊಡೆಯುವವರಿಗೆ ಅಷ್ಟಾದರೂ ಗೊತ್ತಾಯಿತಲ್ಲ. ನನಗೆ ನಗು ಬರಲಿಲ್ಲ. ಮಗು ಹೂವಿನ ಬುಟ್ಟಿಗಳ ಹಿಂದೆ ಹೋಗಿ ಕೂತದ್ದು ಊಟಕ್ಕೆ ಕರೆದರೂ ಎದ್ದು ಬರಲಿಲ್ಲ.

ಇದಾದ ಮೇಲೆ ನನಗೆ ತಲೆ ಕೆಟ್ಟು ಹೋಯಿತು. ನಾನು ಮರವನ್ನೇನಾದರೂ ಕೆಡಿಸಿಬಿಟ್ಟೆನೇ, ಇನ್ನು ಯಾವ ತಂತಿ ಹಾಕಿದರೂ ಹಳೆಯ ದನಿ ಬರುವುದೇ ಇಲ್ಲವೇ ಎಂದು ಹೂವು ಕಟ್ಟುವಾಗಲೂ ಅದೇ ಯೋಚನೆ. ರೋಜಾ ಹಾರಕ್ಕೆ ಮಲ್ಲಿಗೆಯ ತೆಳು ದಾರ ಹಾಕಿ, ಎತ್ತುವಾಗ ಹೂವೆಲ್ಲ ಉದುರಿ, ಪಕ್ಕದ ಮನೆ ಪಿಳ್ಳಮ್ಮನ ಹತ್ತಿರ "ಏನಮ್ಮೋ, ಹೊಸದಾಗಿ ಕಲಿತಾ ಇದೀಯಾ?" ಎಂದು ಅನ್ನಿಸಿಕೊಂಡೆ. ಸಂಕ್ರಾಂತಿ ಮುಗಿಯಲಿ ಎಂದು ಹಲ್ಲು ಕಚ್ಚಿಕೊಂಡು ಕಾದೆ. ಹಬ್ಬ ಕಳೆದ ಮೇಲೆ ಯುಕುಲೇಲೆಯನ್ನು ಟವೆಲ್ಲಿನಲ್ಲಿ ಸುತ್ತಿ, ಹೂವಿನ ಬುಟ್ಟಿಯಲ್ಲಿಟ್ಟು, ಮಡಿಲ ಮೇಲೆ ಇಟ್ಟುಕೊಂಡು ಮತ್ತೆ ಬಸ್ಸು ಹತ್ತಿದೆ. ಕಂಡಕ್ಟರ್ "ಕೊಳಂದೆಯಾಮ್ಮಾ?" ಎಂದು ಮಗುವೇನೋ ಎಂಬಂತೆ ಬಗ್ಗಿ ನೋಡಿದ. ಹೌದಪ್ಪಾ ಎಂದೆ.

ಗೋಪಿನಾಥ್ ಟವೆಲ್ಲು ಬಿಚ್ಚಿದ್ದೇ ಹಣೆ ಹಣೆ ಚಚ್ಚಿಕೊಂಡು ಕನ್ನಡಕ್ಕೇ ಇಳಿದರು. "ಅಯ್ಯೋ ಅಮ್ಮಾ, ತಲೆಯಿಂದ ಕಾಲ್ಗಂಟ ಅಳ್ದ್ಬುಟ್ರಾ? ನಾನೂ ಕೇಳ್ದಲೇ ಕೊಟ್ಬುಟ್ನಲ್ಲ!" ತಂತಿ ಮಿಡಿಯುವ ಜಾಗವನ್ನು ಮಾತ್ರ, ಕತ್ತಿನ ತುದಿಯ ಸಣ್ಣ ಪಟ್ಟಿಯಿಂದ ಹೊಟ್ಟೆಯ ಮೇಲಿನ ಪಟ್ಟಿಯವರೆಗೆ ಅಳೆಯಬೇಕಂತೆ. ಅವರು ಗೋಡೆಯಿಂದ ನಾಲ್ಕನ್ನು ಇಳಿಸಿ ಸಾಲಾಗಿ ಇಟ್ಟರು. ಎಲ್ಲಕ್ಕಿಂತ ಚಿಕ್ಕದು ಸೊಪ್ರಾನೊ, ಅದಕ್ಕಿಂತ ಒಂದಿಷ್ಟು ಉದ್ದ ಕನ್ಸರ್ಟ್, ಆಮೇಲೆ ಟೆನರ್, ಕೊನೆಯ ಗಡವ ಬ್ಯಾರಿಟೋನ್, ನಾನು ಮೊದಲು ತಂದದ್ದು ಅದರ ತಂತಿ. ಒಂದೇ ಮನೆಯ ಮಕ್ಕಳನ್ನು ಫೋಟೋಗೆ ನಿಲ್ಲಿಸಿದ ಹಾಗಿತ್ತು. ನಿನ್ನದು ಸೊಪ್ರಾನೊ, ಮನೆಯ ಕಿರಿಯದು. ಮರಕ್ಕೆ ಏನೂ ಆಗಿಲ್ಲ ಎಂದು ತಟ್ಟಿ ನೋಡಿ ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಇನ್ನೇನು ತಂತಿ ಹಾಕಿಸಿಕೊಂಡು ಹೊರಟುಬಿಡುತ್ತೇನೆ ಎಂದುಕೊಂಡರೆ, ಸೊಪ್ರಾನೊಗೂ ತೆಳು, ನಡು, ದಪ್ಪ ಎಂದು ಬೇರೆ ಬೇರೆ ಪೊಟ್ಟಣಗಳನ್ನು ಮುಂದಿಟ್ಟು, "ನಿಮ್ಮ ಸೊಸೆ ಹೆಂಗೆ ಮೀಟ್ತಾರೆ? ಉಗುರಲ್ಲಾ, ಬೆರಳಲ್ಲಾ? ಮೆತ್ತಗಾ, ಜೋರಾಗಾ?" ಎಂದು ಕೇಳಿದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ ನೆನೆಸಿಕೊಂಡೆ ಚಂದ್ರಾ. ದಿನವೂ ಸಂಜೆ ನಾನು ಒಲೆಯ ಮುಂದೆ ಕೂತು ಕೇಳುತ್ತಿದ್ದೆ. ನೀನು ಕಂಬಕ್ಕೆ ಒರಗಿ ಕೂರುತ್ತಿದ್ದದ್ದು ನೆನಪಿದೆ, ಶಶಿಯ ಕಾಲು ನಿನ್ನ ಮಡಿಲಲ್ಲಿ ಇರುತ್ತಿದ್ದದ್ದು ನೆನಪಿದೆ. ಆದರೆ ಹೆಬ್ಬೆಟ್ಟಿನ ಉಗುರು ತಾಗುತ್ತಿತ್ತೇ, ಬರೀ ಬೆರಳಿನ ಮೆದುವೇ? ಆ ದನಿ ಗಾಜಿನ ಬಳೆಯ ಹಾಗಿತ್ತೇ, ಅದಕ್ಕಿಂತ ಕೆಳಗಿತ್ತೇ? ಅವರು ತೆಳುವಾದದ್ದನ್ನು ಮೀಟಿ ತೋರಿಸಿದರು, ಇದೇ ಅನ್ನಿಸಿತು. ದಪ್ಪದ್ದನ್ನು ಮೀಟಿದರು, ಅಯ್ಯೋ ಇದೇ ಇರಬೇಕು ಅನ್ನಿಸಿತು. ಮತ್ತೆ ತೋರಿಸಿ, ಮತ್ತೆ ತೋರಿಸಿ ಎಂದು ಆ ಮನುಷ್ಯನ ಪ್ರಾಣ ತಿಂದೆ. ಕೇಳಿದಷ್ಟೂ ನನ್ನ ತಲೆಯೊಳಗಿನ ನಿನ್ನ ದನಿ ದೂರ ಹೋಗುತ್ತಿತ್ತು. ಅರ್ಧ ವರ್ಷಕ್ಕೆ ಈ ಮುದುಕಿಗೇ ನೆನಪು ಕೈಕೊಟ್ಟರೆ, ಹಾಲು ಹಲ್ಲಿನ ಆ ಕೂಸಿಗೆ ಏನು ಉಳಿದಿರುತ್ತದೆ? ಕೊನೆಗೆ, ನಿನ್ನ ಕೆಲಸ ಸಣ್ಣ ಸಣ್ಣ ತಿರುಪು ಕೂರಿಸುವುದಲ್ಲವೇ, ಉಗುರು ಬಿಡಲು ಆಗುವುದಿಲ್ಲ, ಯಾವತ್ತೂ ಕತ್ತರಿಸಿಕೊಂಡಿರುತ್ತಿದ್ದೆ ಎನ್ನುವುದು ಹೊಳೆಯಿತು. "ಬೆರಳಲ್ಲಿ ಮೀಟೋಳು, ಮೆತ್ತಗೆ" ಎಂದೆ. ನಡುವಿನ ತಂತಿ ಹಾಕಿ, ಶ್ರುತಿ ಮಾಡಿಕೊಟ್ಟರು.

ಮೊನ್ನೆ ಶುಕ್ರವಾರ ಸಂಜೆ ಅದನ್ನು ತಂದು ಕಂಬದ ಹತ್ತಿರ ಕೂತು ಮೀಟಿದೆ. ಹೊಸ ತಂತಿ ಬೇಗ ಸಡಿಲವಾಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು, ತಿಮ್ಮರಾಜು ಫೋನಿನಲ್ಲಿ ಅದೇನೋ ಇಳಿಸಿಕೊಂಡು ಮತ್ತೆ ಮತ್ತೆ ಸರಿಮಾಡಿದ. ಒಂದು ಸಲ ಸರಿಯಾಗಿ ಕೂತಿತು ನೋಡು, ಅವನು ಹಾಗೇ ನಿಂತುಬಿಟ್ಟ. "ಇದೇ ಕಣಮ್ಮ" ಎಂದ, ಮುಖ ಆಚೆ ತಿರುಗಿಸಿಕೊಂಡ. ನಿನ್ನ ಗಂಡ ಹಾಗೆಲ್ಲ ಮುಖ ತಿರುಗಿಸುವವನಲ್ಲ, ನಿನಗೇ ಗೊತ್ತು. ಶಶಿಯನ್ನು ಕರೆದೆ. ಬಂದಳು, ನನ್ನ ಪಕ್ಕದಲ್ಲಿ ಕೂತಳು, ಒಳ್ಳೆಯ ಮಗುವಿನ ಹಾಗೆ ಕೇಳಿದಳು. "ಯಾರ ದನಿ ಹೇಳು?" ಎಂದೆ. "ಯುಕುಲೇಲೆ ದನಿ" ಎಂದಳು. ಇನ್ನೊಂದು ಸಲ ಮೀಟಲು ಹೋದರೆ, "ಸಾಕಜ್ಜಿ, ಕರೂಗೆ ಹುಲ್ಲು ಹಾಕ್ಬೇಕು" ಎಂದು ಎದ್ದು ಓಡಿದಳು. ಅಳಲಿಲ್ಲ, ಕೋಪವೂ ಇರಲಿಲ್ಲ. ಅದೇ ರಾತ್ರಿ ನೀನು ಫೋನು ಮಾಡಿದಾಗ, ತಂತಿ ಸರಿಹೋಗಿದೆ, ಇನ್ನೇನು ಭಯ ಬಾರೇ ಎಂದು ಫೋನಿಗೆ ಕೈ ಮುಚ್ಚಿ ಎಷ್ಟು ಕರೆದರೂ ಬರಲಿಲ್ಲ. "ಆಡ್ಕೊಳ್ಲಿ ಬುಡಿ ಅತ್ತೆ" ಎಂದು ನೀನು ನಕ್ಕೆ. ಆ ನಗು ನಗುವಲ್ಲ ಎಂದು ನನಗೆ ಗೊತ್ತಾಯಿತು.

ಇರಲಿ ಬಿಡು, ಮಕ್ಕಳ ಮನಸ್ಸು, ಇವತ್ತು ಹೀಗೆ ನಾಳೆ ಹಾಗೆ. ಬರೆಯಲು ಕೂತರೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ. ತಂತಿಯಂತೂ ಸರಿಯಾಗಿದೆ, ನೀನು ಬಂದಾಗ ನೋಡಿ, ನಡುವಿನದು ಸರಿಯೋ ಬೇರೆ ಬೇಕೋ ಹೇಳು, ಗೋಪಿನಾಥ್ ಬದಲಾಯಿಸಿ ಕೊಡುತ್ತೇನೆ ಎಂದಿದ್ದಾರೆ. ಕೆಲಸದಲ್ಲಿ ಮನಸ್ಸಿಟ್ಟು ಮಾಡು. ಯಾರಾದರೂ ಏರುದನಿಯಲ್ಲಿ ಮಾತಾಡಿದರೆ ಸಹಿಸಿಕೊಂಡು ಬರಬೇಡ, ನನ್ನ ಹತ್ತಿರ ಅಭ್ಯಾಸ ಮಾಡಿದ್ದೀಯಲ್ಲ, ಹಾಗೇ ತಿರುಗಿಸಿ ಹೇಳು. ನಿನ್ನ ಮಾವ ಕೇಳಿದೆನೆಂದು ಬರೆಯಲು ಹೇಳಿದ್ದಾರೆ. ಪಿಳ್ಳಮ್ಮನೂ ಕೇಳುತ್ತಿರುತ್ತಾಳೆ. ಹೊತ್ತಿಗೆ ಸರಿಯಾಗಿ ಉಂಡು, ಬೆಚ್ಚಗೆ ಹೊದ್ದು ಮಲಗು. ದೇವರು ನಿನ್ನ ಕೈಗೆ ಶಕ್ತಿ ಕೊಡಲಿ, ನಿನ್ನ ಹೊಟ್ಟೆ ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಪಾರ್ವತಮ್ಮ

ಮರೆತ ಮಾತು: ಕಾಗದ ಮಡಿಸುತ್ತಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಬೈಯಬೇಡ. ಈಗ ತಾನೇ ಶಶಿ ಅಂಗಳದಲ್ಲಿ ಓಡುತ್ತಾ ಬಿದ್ದು ಮೊಣಕಾಲು ತರಚಿಕೊಂಡಳು. ಗಾಬರಿ ಬೇಡ, ಅರಿಶಿನ ಹಚ್ಚಿದ್ದೇನೆ, ಆಡುತ್ತಿದ್ದಾಳೆ. ಬಿದ್ದವರು ಯಾರಾದರೂ ಏನೆಂದು ಕೂಗುತ್ತಾರೆ ಚಂದ್ರಾ? ಈ ವಯಸ್ಸಿನಲ್ಲಿ ನಾನು ಎಡವಿದರೂ ಬಾಯಿಗೆ ಬರುವುದು ಅಮ್ಮಾ ಅಂತಲೇ. ನಿನ್ನ ಮಗಳು "ಅಜ್ಜೀ" ಎಂದು ಕೂಗಿದಳು. ಓಡಿ ಹೋಗಿ ಎತ್ತಿಕೊಂಡೆ. ಎತ್ತಿಕೊಂಡಾಗ ಒಂದು ಗಳಿಗೆ ನನಗೆ ಸಂತೋಷವಾಯಿತು. ಆ ಸಂತೋಷಕ್ಕೇ ಹೆದರಿ ಮತ್ತೆ ಪೆನ್ನು ಹಿಡಿದೆ. ಒಪ್ಪಿಕೋ ಎಂದು ಫೋನಿನಲ್ಲಿ ಹೇಳಿದ್ದೆನಲ್ಲ, ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ನೀನು ಹೊರಟು ಬಾ.